ಹತ್ತಿ ತುಂಬಿದ ಗದೆ

ಆನ್‌ಲೈನ್ ಮಳಿಗೆಯ ದೂರು ವಿಭಾಗದ ಮಹಾಪ್ರಭುಗಳಿಗೆ, ಆದೋನಿಯ ವಾಗೀಶನ ಉದ್ದಂಡ ನಮಸ್ಕಾರ!

ನಿಮ್ಮ ಮಳಿಗೆಯಲ್ಲಿರುವ ನಮ್ಮ ನಾಟಕ ಸಾಮಾನಿನ ಅಂಗಡಿಗೆ ಒಬ್ಬ ಗಿರಾಕಿ ಒಂದೇ ಸ್ಟಾರ್ ಕೊಟ್ಟು, ‘ಗದೆ ಹಗುರ, ಒಳಗೆ ಬರೀ ಹತ್ತಿ, ಮೋಸ’ ಎಂದು ಬರೆದಿದ್ದಾರೆ. ಹತ್ತಿಯ ಗದೆ ಎಂದು ನಾವು ಮೊದಲೇ ತಿಳಿಸಿದ್ದೆವಲ್ಲ ಸ್ವಾಮಿ! ಆದರೂ ಅಂಗಡಿ ಮುಚ್ಚುವುದಾಗಿ ನೀವು ಎಚ್ಚರಿಕೆ ಕಳಿಸಿದ್ದೀರಿ.

ನಮ್ಮಪ್ಪ ಹಾಲಹರವಿಯ ಬಯಲಾಟದಲ್ಲಿ ಇಂಥದೇ ಗದೆ ಹೊತ್ತು ಬರುತ್ತಿದ್ದ. ಅದನ್ನು ನೆಲಕ್ಕೆ ಊರಿದರೆ ಮುಂದೆ ಕೂತವರು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು! ಒಮ್ಮೆ ಒಬ್ಬ, “ಏ ಉರುಕುಂದಪ್ಪ, ಅದರಾಗ ಹತ್ತಿ ಐತಿ!” ಎಂದು ಕೂಗಿದ. ಅಪ್ಪ, “ಬಾರಲೇ, ನೀನೇ ಎತ್ತು!” ಎಂದು ರಂಗಕ್ಕೆ ಕರೆದ. ಆ ಪುಣ್ಯಾತ್ಮ ಬಂದು, ಎತ್ತಲಾರದವನಂತೆ ಏದುಸಿರು ಬಿಟ್ಟ. ಏನು ಚಪ್ಪಾಳೆ, ಏನು ಸಿಳ್ಳೆ!

ಈಗ ಕೂಗಿದವರನ್ನು ರಂಗಕ್ಕೆ ಕರೆಯುವ ದಾರಿಯಿಲ್ಲ. ಅದಕ್ಕೇ ನಿಮಗೆ ಈ ಮೊರೆ. ಗಿರಾಕಿ ತಮ್ಮ ದೂರಿಗೆ ಸಾಕ್ಷಿಯೆಂದು ಹಾಕಿರುವ ಫೋಟೊ ನೋಡಿ. ಅವರ ಮಗಳು ಆ ಗದೆಯನ್ನು ಹೆಗಲಿಗೇರಿಸಿ, ಭಾರಕ್ಕೆ ಸೊಂಟ ಬಾಗಿಸಿ, ಹಲ್ಲು ಕಚ್ಚಿ ನಿಂತಿದ್ದಾಳೆ! ಗದೆ ಹೊಲಿದ ನನ್ನ ಹೆಂಡತಿ ಅದನ್ನು ಕಂಡು, “ನೋಡ್ರಿ, ಮಾವ ನಿಂತಂಗ ನಿಂತಾಳ ಆಕಿ!” ಎಂದಳು.

ದಯವಿಟ್ಟು ಅಂಗಡಿ ಮುಚ್ಚಬೇಡಿ. ಆ ಸ್ಟಾರ್ ಅಳಿಸುವುದಾದರೆ, ಫೋಟೊ ಮಾತ್ರ ಉಳಿಸಿ.

ತಮ್ಮ ಉತ್ತರಕ್ಕೆ ಕಾದಿರುವ,
ವಾಗೀಶ