ಚಮ್ಕಿಯ ನಾಲಗೆ

ಹಲಗೂರು,
ಆಷಾಢ ಮಾಸ, 1944

ಬಿಬಿ ಜಾನಮ್ಮನಿಗೆ ಪಕ್ಕದ ಮನೆಯ ಮಾದಯ್ಯ ಬರೆಯುವ ಕಾಗದ.

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕೆಂದು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನಾನು ಮೂರನೇ ಕ್ಲಾಸಿನಲ್ಲಿ ಮೇಷ್ಟರ ಬೆತ್ತ ಕಿತ್ತುಕೊಂಡು ಮುರಿದು ಎದ್ದು ಬಂದವನು. ಸುಳ್ಳು ಕ್ಷೇಮ ಬರೆಯುವುದನ್ನು ಕಲಿಯಲಿಲ್ಲ. ಇಲ್ಲಿ ಕ್ಷೇಮವಿಲ್ಲ. ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ. ಆದದ್ದು ನಿನ್ನ ಕೋಳಿಗೆ, ಆ ಚಮ್ಕಿಗೆ. ಬದುಕಿದೆ, ಎದೆ ಬಡಿದುಕೊಳ್ಳಬೇಡ. ಆದರೆ ಅದಕ್ಕೆ ಆದದ್ದು ನನ್ನ ಕೈಯಿಂದ. ಬಸ್ಸಿನವರು ಯಾರೋ ಬಂದು ನಿನ್ನ ಕಿವಿಗೆ ಊದುವ ಮೊದಲು ನಾನೇ ಹೇಳುವುದು ವಾಸಿ ಎಂದು ಕುಳಿತಿದ್ದೇನೆ.

ನಿನಗೆ ಓದು ಬರುವುದಿಲ್ಲ. ಇದನ್ನು ಓದಿ ಹೇಳುವವನು ನಿನ್ನ ಅಳಿಯ. ಅಪ್ಪಾ ಅಫ್ಸರ್ ಪಾಷಾ, ನಿನ್ನ ಸೈಕಲ್ ಅಂಗಡಿಯ ಗಿರಾಕಿಗಳು ಸ್ವಲ್ಪ ಕಾಯಲಿ, ನಿಧಾನವಾಗಿ ಓದು. ಬೈಗುಳ ಬಂದ ಕಡೆ ಹಾರಿಸಬೇಡ. ಬೈಗುಳವಿಲ್ಲದಿದ್ದರೆ ಕಾಗದ ನನ್ನದೇ ಎಂದು ನಿಮ್ಮತ್ತೆ ನಂಬುವುದಿಲ್ಲ.

ನೀನು ಹೊರಟದ್ದು ಶಿವರಾತ್ರಿ ಕಳೆದ ಮೇಲೆ. ಮಂಡ್ಯದಲ್ಲಿ ನಿನ್ನ ಮಗಳು ಕುಲ್ಸುಮ್‌ಗೆ ಹೆರಿಗೆಯಾಯಿತೆಂದು ಸುದ್ದಿ ಬಂತು. ನಲವತ್ತು ದಿನದ ಬಾಣಂತನ ಮುಗಿಸಿ ಬರುತ್ತೇನೆಂದೆ. ಐದು ಹೇಂಟೆ, ಒಂದು ಹುಂಜ, ಎಲ್ಲವನ್ನೂ ಮಂಕರಿಗೆ ತುಂಬಿ ಗೋಡೆಯ ಮೇಲಿಂದ ನನ್ನ ಹಿತ್ತಲಿಗೆ ಇಳಿಸಿದೆ. ಒಂದು ಮಾತು ಕೇಳಲಿಲ್ಲ. ನಾನು ಕೂಗಾಡಿದೆ. "ಬ್ಲಫ್ಫಿನ ಕರೆಂಟ್ ಮನೇಲಿ ಮೂವತ್ತೊರ್ಸ ಮಿಷನ್ನಿಗೆ ಎಣ್ಣೆ ಬುಟ್ಟೋನು ಕಣಮ್ಮ ನಾನು. ನಿನ್ ಕೋಳಿ ಕಾಯಕೆ ಪಿಂಚಣಿ ತಕಂಡಿಲ್ಲ!" ನೀನು ಸೆರಗು ಎಳೆದುಕೊಳ್ಳುತ್ತ ನಕ್ಕೆ. "ನಿನ್ ಮಿಷನ್ನಿಗಿಂತ ನನ್ ಕೋಳಿ ವಾಸಿ ಮಾದಣ್ಣ. ಎಣ್ಣೆ ಕೇಳಾಕಿಲ್ಲ, ಒಂದ್ ಹಿಡಿ ನುಚ್ಚು ಹಾಕಿದ್ರೆ ಸಾಕು. ಚಮ್ಕಿ ಮಾತ್ರ ಮುದುಕಿ. ಅವಳ್ನ ಬೈಬೇಡ, ಅವಳಿಗೆ ಗೊತ್ತಾಗ್ತದೆ" ಅಂದೆ.

ನಿನ್ನ ಟ್ರಂಕು ಹೊತ್ತುಕೊಂಡು ಬಸ್ಸಿನ ತನಕ ಬಂದವನು ನಾನೇ. ಪೆಟ್ರೋಲು ಯುದ್ಧಕ್ಕೆ ಹೋಗಿ ನಮಗೆ ಇದ್ದಿಲು ಬಸ್ಸು ಉಳಿಯಿತಲ್ಲ, ಬಸ್ಸಿನ ಹಿಂದಿನ ಡ್ರಮ್ಮಿನಲ್ಲಿ ಮೆಕ್ಯಾನಿಕ್ ವಾಜಿದ್ ಕೆಂಡ ಕೆದಕಿ ಗ್ಯಾಸು ಏಳಿಸಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆಯಲ್ಲಿ ನಾನು ಒಂದು ಒಳ್ಳೆಯ ಮಾತು ಆಡಬಹುದಿತ್ತು. ಆಡಿದ್ದು ಏನು? "ಓಗೋಳು ಅಲ್ಲೇ ಇದ್ಬುಡು. ನನ್ ಕಿವಿಯಾದ್ರೂ ಉಳ್ಕತದೆ."

ಇಪ್ಪತ್ತು ವರ್ಷದಿಂದ ನಾನು ಒಂದು ಅಂದರೆ ನೀನು ಎರಡು ತಿರುಗಿಸಿ ಕೊಟ್ಟವಳು. ಅವತ್ತು ಕೊಡಲಿಲ್ಲ. ನನ್ನ ಮುಖ ಒಂದು ಸಲ ನೋಡಿದೆ, ಆಮೇಲೆ ಕಿಟಕಿಯ ಆಚೆ ಕಡೆಗೆ ತಿರುಗಿಕೊಂಡೆ. ಬಸ್ಸು ಹೊಗೆ ಬಿಟ್ಟುಕೊಂಡು ಹೋಯಿತು. ನಲವತ್ತು ದಿನ ಆಯಿತು, ಎಂಬತ್ತಾಯಿತು. ಕಾರ ಹುಣ್ಣಿಮೆಯೂ ಕಳೆಯಿತು. ನೀನು ಬರಲಿಲ್ಲ, ಒಂದು ಸುದ್ದಿಯೂ ಬರಲಿಲ್ಲ.

ಇನ್ನು ಚಮ್ಕಿಯ ವಿಷಯ. ಆಷಾಢದ ಗಾಳಿ ಎದ್ದ ಎರಡನೇ ದಿನ ಅದು ಮೂಲೆ ಹಿಡಿಯಿತು. ಗರಿ ಕೆದರಿಕೊಂಡು ಉಂಡೆಯಾಗಿ ಕುಳಿತಿತ್ತು. ಬಾಯಿ ತೆರೆದು ಉಸಿರೆಳೆಯುವಾಗ ಗೊರ ಗೊರ ಎನ್ನುತ್ತಿತ್ತು. ನುಚ್ಚು ಮುಂದೆ ಹಾಕಿದರೆ ಮೂಸಲಿಲ್ಲ. ಓಣಿಯ ಆಚೆ ಮನೆಯ ಚಿಕ್ಕಬೋರಮ್ಮನನ್ನು ಕರೆದು ತೋರಿಸಿದೆ. ಅವಳು ಕೊಕ್ಕು ಬಿಡಿಸಿ ನೋಡಿ, "ನಾಲ್ಗೆಗೆ ಮುಳ್ಳು ಕೂತದೆ ಕಣಣ್ಣೋ. ತುದಿ ನೋಡು, ಎಂಗೆ ಗಟ್ಟಿಯಾಗದೆ. ಅದನ್ನ ಎತ್ತಾಕ್ಬೇಕು. ಒಲಕ್ಕೆ ಓಗ್ಬುಟ್ಟು ಬತ್ತೀನಿ, ಬಂದು ತೆಗೀತೀನಿ, ಇರು" ಅಂದಳು.

ನಾನು ಇರಲಿಲ್ಲ. ಕಾಯುವುದು ನನ್ನ ಜಾಯಮಾನವಲ್ಲ. ಕೋಳಿ ಬಾಯಿ ತೆರೆದು ಉಸಿರೆಳೆದರೆ ನಾಲಗೆಯ ತುದಿಯ ಒಣ ಸಿಪ್ಪೆಯನ್ನು ಎತ್ತಿ ತೆಗೆಯುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ನೀನೊಬ್ಬಳು ಮಾಡಲು ಬಿಡುತ್ತಿರಲಿಲ್ಲ. ಹಿಂದೆ ಒಂದು ಸಲ ಚಿಕ್ಕಬೋರಮ್ಮನ ಕೈ ಹಿಡಿದು, "ಬೇಡ ಬೋರಕ್ಕ, ನಿನ್ ಉಗುರು ಕಿತ್ರೆ ನೀನು ಮುದ್ದೆ ಮುರೀತೀಯಾ?" ಎಂದಿದ್ದೆ. ಅದು ನನಗೆ ನೆನಪಿತ್ತು. ನೆನಪಿದ್ದೂ ಮಾಡಿದೆ. ಚಮ್ಕಿಯನ್ನು ಮಂಡಿಗಳ ನಡುವೆ ಅದುಮಿಕೊಂಡು, ಜಾಲಿ ಮುಳ್ಳಿನ ಮೊನೆಯಿಂದ ಎತ್ತಿ, ಉಗುರಿನಿಂದ ಎಳೆದೆ. ಸಿಪ್ಪೆಯ ಜೊತೆಗೆ ತುದಿಯ ಮಾಂಸವೂ ಬಂತು. ನನ್ನ ಹೆಬ್ಬೆರಳು ಕೆಂಪಾಯಿತು. ಅದು ಕೂಗಿಕೊಂಡಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಒಂದು ಕಣ್ಣನ್ನು ನನ್ನ ಕಡೆ ತಿರುಗಿಸಿ ನೋಡಿತು, ಅಷ್ಟೆ.

ಚಿಕ್ಕಬೋರಮ್ಮ ಹೊಲದಿಂದ ಬಂದವಳು ಹಣೆ ಚಚ್ಚಿಕೊಂಡಳು. "ನಿನ್ ಕೈಗಿಷ್ಟು ಬೆಂಕಿ ಆಕ! ನಾಲ್ಗೇನೆ ಕಿತ್ತಿದ್ದೀಯಲ್ಲೋ ಮಾದಣ್ಣ! ಇನ್ನು ಮೂರು ದಿನ ಇದ್ರೆ ಎಚ್ಚು. ಸತ್ರೆ ಯಾರ್ಗೂ ಇಲ್ಲ, ವಾಜಿದ್‌ಗೆ ಏಳಿ ಕುಯ್ಸಿಬುಡು" ಅಂದಳು. ನಾನು ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದರೆ ಒಪ್ಪಿದ ಹಾಗೆ ಎಂದುಕೊಂಡು ಅವಳೇ ಹೇಳಿ ಕಳಿಸಿದ್ದಾಳೆ. ಮಾರನೆಯ ದಿನ ಬೆಳಿಗ್ಗೆ ವಾಜಿದ್ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದ. "ಉಸಿರು ಇರೋವಾಗ್ಲೇ ಆಗ್ಬೇಕು ಮಾದಣ್ಣ. ತಾನಾಗೇ ಸತ್ರೆ ಹರಾಮ್ ಆಗ್ತದೆ. ನಮ್ ಜಾನಮ್ಮನ ಕೋಳಿ ಅದು, ಮರ್ಯಾದೆಯಾಗಿ ಕಳ್ಸಾಣ."

"ಆ ಚೂರೀನ ಈಚೆಗೆ ತೆಗುದ್ರೆ ನಿನ್ ಕೈ ಮುರೀತೀನಿ ಕಣ್ಲಾ" ಅಂದೆ. ಅವನಿಗೆ ನನ್ನ ಬಾಯಿ ಹೊಸದಲ್ಲ. "ಆಯ್ತು, ಮುರಿ. ಅದ್ಕೆ ಮುಂಚೆ ಕೋಳಿ ತೋರ್ಸು" ಎಂದು ನಕ್ಕು ಒಳಗೆ ಬಂದ. ಚಮ್ಕಿಯನ್ನು ಎತ್ತಿ ಅದರ ಎದೆಗೆ ಕಿವಿ ಇಟ್ಟ, ಬಾಯಿ ನೋಡಿದ, ಕೊಕ್ಕಿನ ಮೇಲಿನ ಎರಡು ತೂತು ನೋಡಿದ. "ಇಂಜಿನ್ ಚೆನ್ನಾಗೈತೆ. ಗಾಳಿ ಪೈಪು ಕಟ್ಟೈತೆ. ಮೂಗಿನ ತುಂಬ ಗೊಣ್ಣೆ. ಅದ್ಕೇ ಬಾಯಲ್ಲಿ ಉಸ್ರಾಡ್ತಾವಳೆ, ಬಾಯಲ್ಲಿ ಉಸ್ರಾಡಿದ್ಕೆ ನಾಲ್ಗೆ ಒಣಗೈತೆ. ಮುಳ್ಳೂ ಇಲ್ಲ ಗಿಳ್ಳೂ ಇಲ್ಲ. ಬರೀ ಸೀತ ಮಾದಣ್ಣ." ಬಿಸಿನೀರಿನಲ್ಲಿ ಬತ್ತಿ ಅದ್ದಿ ಮೂಗು ಒರೆಸಿದ. ಅದು ಬಾಯಿ ಮುಚ್ಚಿಕೊಂಡಿತು. ಅಷ್ಟೇ ಕೆಲಸ ಇದ್ದದ್ದು.

ವಾಜಿದ್ ಹೋದ ಮೇಲೆ ನಾನು ಒಲೆಯ ಮುಂದೆ ಕುಳಿತೆ. ಬಂದದ್ದು ಬರೀ ಶೀತ. ಮಿಕ್ಕದ್ದೆಲ್ಲ ನಾನು ಮಾಡಿದ್ದು.

ಶೀತ ಮೂರು ದಿನಕ್ಕೆ ಹೋಯಿತು. ನಾಲಗೆ ಊದಿಕೊಂಡಿತ್ತು. ಹಸಿವಾಗಿ ಕೊಕ್ಕು ಇಡುತ್ತಿತ್ತು, ಕಾಳು ಎತ್ತುತ್ತಿತ್ತು, ಒಳಕ್ಕೆ ಎಳೆದುಕೊಳ್ಳಲು ಆಗದೆ ಬಿಡುತ್ತಿತ್ತು. ಅದನ್ನು ನೋಡಲಾಗದೆ ನಾನು ಅಟ್ಟ ಹತ್ತಿ ನನ್ನ ಎಣ್ಣೆ ಕ್ಯಾನು ಇಳಿಸಿದೆ. ನೀನು ನೋಡಿದ್ದೀಯಲ್ಲ, ಬ್ಲಫ್‌ನಿಂದ ಬರುವಾಗ ಇಂಜಿನಿಯರ್ ದೊರೆ ಕೊಟ್ಟ ಉದ್ದ ಮೂತಿಯ ಕ್ಯಾನು, ಯಾರೂ ಮುಟ್ಟಬಾರದೆಂದು ನಾನು ಕಿರುಚುತ್ತಿದ್ದದ್ದು. ಅದನ್ನು ಬೂದಿ ನೀರಿನಲ್ಲಿ ನಾಲ್ಕು ಸಲ ಕುದಿಸಿದೆ. ರಾಗಿ ಅಂಬಲಿ ಕಾಯಿಸಿ, ಪಂಚೆಯ ತುದಿಯಲ್ಲಿ ಸೋಸಿ, ಅದರೊಳಗೆ ತುಂಬಿದೆ. ಮೂತಿಯನ್ನು ಕೊಕ್ಕಿನ ಪಕ್ಕಕ್ಕೆ ಇಟ್ಟು ಒಂದು ತೊಟ್ಟು. ಗಂಟಲು ಆಡುವ ತನಕ ಕಾದು ಇನ್ನೊಂದು ತೊಟ್ಟು. ಮಿಷನ್ನಿನ ಬೇರಿಂಗಿಗೂ ಹಾಗೇ ಬಿಡುತ್ತಿದ್ದೆ, ಸದ್ದು ಕೇಳಿಕೊಂಡು. ಜಾಸ್ತಿ ಬಿಟ್ಟರೂ ಕೆಡುತ್ತದೆ, ಕಮ್ಮಿಯಾದರೂ ಕೆಡುತ್ತದೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಕೈ ಇದು, ಈಗ ನಿನ್ನ ಮುದಿ ಕೋಳಿಗೆ ಅಂಬಲಿ ಕುಡಿಸುತ್ತಿದೆ. ನಗು ಬಂದರೆ ನಗು.

ಕುಡಿಸುವುದು ಒಂದು ಹೊತ್ತಿನ ಕೆಲಸವಲ್ಲ. ಬೆಳಗಿನಿಂದ ಬೈಗಿನ ತನಕ ಗಳಿಗೆಗೊಂದು ಸಲ. ಒಲೆಯ ಪಕ್ಕ ಮಂಕರಿಗೆ ಹುಲ್ಲು ಹಾಸಿ ಮಲಗಿಸಿದೆ. ಸುಮ್ಮನೆ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂರುವುದು? ಏನಾದರೂ ಮಾತಾಡಬೇಕು. ಬೈಬೇಡ ಎಂದು ನೀನು ಹೇಳಿ ಹೋಗಿದ್ದೀಯ. ಬೈಯದೆ ಮಾತಾಡಲು ನನಗೆ ಬರುವುದಿಲ್ಲವೆಂದು ಆಗ ಗೊತ್ತಾಯಿತು. ಆಮೇಲೆ ಊರಿನ ಸುದ್ದಿ ಹೇಳಿದೆ. ಸೀಮೆಎಣ್ಣೆ ಸಿಗುತ್ತಿಲ್ಲವೆಂದು ಹೇಳಿದೆ. ಅದು ಮುಗಿದ ಮೇಲೆ ನನ್ನ ಹೆಂಡತಿ ಸಣ್ಣತಾಯಮ್ಮನ ವಿಷಯ ಹೇಳಿದೆ. ಯಾರಿಗೂ ಹೇಳದ್ದನ್ನು ಕೋಳಿಗೆ ಹೇಳಿದೆ.

ಅವಳು ತೀರಿಕೊಂಡ ವರ್ಷ ನಿನಗೆ ನೆನಪಿದೆಯೋ ಇಲ್ಲವೋ. ನಿನ್ನ ಮನೆಯಲ್ಲಿ ಬೇಯಿಸಿದ್ದು ಗೋಡೆ ದಾಟುವಂತಿರಲಿಲ್ಲ, ನಾನೂ ಉಣ್ಣುವವನಲ್ಲ, ಆವತ್ತು ನನ್ನ ಬುದ್ಧಿ ಅಷ್ಟೇ ಇತ್ತು. ನೀನು ತೆಂಗಿನ ಕರಟದಲ್ಲಿ ಎರಡು ಹಸಿ ಮೊಟ್ಟೆ ಹಾಕಿ ಗೋಡೆಯ ಮೇಲೆ ಇಟ್ಟು ಹೋದೆ. ಬೇಯಿಸದ ಹಸಿ ಮೊಟ್ಟೆಗೆ ಜಾತಿಯಿಲ್ಲವೆಂದು ನಾನು ತೆಗೆದುಕೊಂಡೆ. ಬರೀ ಕರಟ ವಾಪಸು ಇಡಲು ಮನಸ್ಸಾಗದೆ ಒಂದು ಹಿಡಿ ದಂಟಿನ ಸೊಪ್ಪು ಕಿತ್ತು ಇಟ್ಟೆ. ಅವತ್ತಿನಿಂದ ಹನ್ನೆರಡು ವರ್ಷ ಆ ಕರಟ ಗೋಡೆ ಬಿಟ್ಟು ಇಳಿಯಲಿಲ್ಲ. ಬೆಳಿಗ್ಗೆ ನಿನ್ನ ಕೋಳಿ ನನ್ನ ಸೊಪ್ಪು ತಿಂದಿತೆಂದು ಬೈಯುವುದು, ಮಧ್ಯಾಹ್ನ ಅದೇ ಸೊಪ್ಪನ್ನು ಕಿತ್ತು ನಿನಗೆ ಇಡುವುದು. ಇಷ್ಟೇ ನನ್ನ ಸಂಸಾರ ಆಗಿತ್ತು. ಇದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಈಗ ಮಿಕ್ಕ ಹೇಂಟೆಗಳು ಮೊಟ್ಟೆ ಇಡುತ್ತವೆ. ಬೆಳಿಗ್ಗೆ ಒಂದನ್ನು ಕರಟಕ್ಕೆ ಹಾಕಿ ಗೋಡೆಯ ಮೇಲೆ ಇಡುತ್ತೇನೆ. ಮಧ್ಯಾಹ್ನ ನಾನೇ ಹೋಗಿ ತೆಗೆದುಕೊಳ್ಳುತ್ತೇನೆ.

ಹದಿನೇಳನೆಯ ದಿನ ಚಮ್ಕಿ ತಾನಾಗಿ ಒಂದು ಕಾಳು ನುಂಗಿತು. ನಾನು ಹೋ ಎಂದು ಕೂಗಿದ್ದಕ್ಕೆ ಚಿಕ್ಕಬೋರಮ್ಮ ಏನು ಬೆಂಕಿ ಬಿತ್ತೋ ಎಂದು ಓಡಿ ಬಂದಳು. ಈಗ ತಿನ್ನುತ್ತದೆ. ನಾಲಗೆ ಮೋಟಾಗಿದೆ, ನಾಲ್ಕು ಕಾಳು ಎತ್ತಿದರೆ ಎರಡು ಉದುರುತ್ತವೆ. ಉದುರಿದ್ದನ್ನು ಮತ್ತೆ ಎತ್ತುತ್ತದೆ. ಬೇಸರವಿಲ್ಲ ಅದಕ್ಕೆ. ಆದರೆ ಕೂಗುವುದಿಲ್ಲ. ಮೊದಲು ಎಷ್ಟು ಕೊಕ್ಕೊಕ್ಕೋ ಎನ್ನುತ್ತಿತ್ತು, ನಿನ್ನ ಹಾಗೇ. ಈಗ ಒಂದು ಸದ್ದೂ ಇಲ್ಲ. ವಾಜಿದ್ ದಿನ ಕಳೆದರೆ ಬರುತ್ತದೆ ಅನ್ನುತ್ತಾನೆ. ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಓಡಾಡುವ ಶಕ್ತಿ ಬಂದ ದಿನದಿಂದ ಅದು ಬೆಳಿಗ್ಗೆ ಗೋಡೆಯ ಬಿರುಕಿನಲ್ಲಿ ತೂರಿಕೊಂಡು ನಿನ್ನ ಹಿತ್ತಲಿಗೆ ಹೋಗುತ್ತದೆ. ನಿನ್ನ ಹಿಂಬಾಗಿಲ ಮುಂದೆ ನಿಂತುಕೊಳ್ಳುತ್ತದೆ. ಬೀಗ ಹಾಕಿದ ಬಾಗಿಲು, ನುಚ್ಚು ಎರಚುವವರಿಲ್ಲ, ಆದರೂ ನಿಲ್ಲುತ್ತದೆ. ಗಾಳಿಯಲ್ಲಿ ಮತ್ತೆ ಶೀತ ಹಿಡಿದೀತೆಂದು ನಾನು ಸುತ್ತಿಕೊಂಡು ಹೋಗಿ ಎತ್ತಿಕೊಂಡು ಬರುತ್ತೇನೆ. ಮೊನ್ನೆ ಎತ್ತಿಕೊಳ್ಳಲಿಲ್ಲ. ಸೊಂಟ ನೋಯುತ್ತಿತ್ತು, ನಾನೂ ಅದರ ಪಕ್ಕ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬಿಸಿಲು ಏರುವ ತನಕ ಇಬ್ಬರೂ ಕುಳಿತಿದ್ದೆವು. ಹೊಸದಾಗಿ ಬಂದ ಮೇಷ್ಟರೊಬ್ಬರು ಓಣಿಯಿಂದ ಇಣುಕಿ, ಮನೆ ಖಾಲಿಯಿದೆಯೇ, ಬಾಡಿಗೆಗೆ ಕೊಡುತ್ತಾರೆಯೇ ಎಂದು ಕೇಳಿದರು. "ಖಾಲಿ ಇಲ್ಲ. ಜನ ಅವ್ರೆ" ಅಂದೆ. ಅವರು ಬೀಗ ನೋಡಿದರು, ಕೋಳಿ ನೋಡಿದರು, ನನ್ನನ್ನು ನೋಡಿದರು, ಹೋದರು.

ಒಪ್ಪಿಕೊಳ್ಳುವುದೆಲ್ಲ ಇವತ್ತೇ ಒಪ್ಪಿಕೊಂಡುಬಿಡುತ್ತೇನೆ. ಮಂಡ್ಯದ ಬಸ್ಸು ಬರುವ ಹೊತ್ತಿಗೆ ದಿನಾ ಸಂಜೆ ಬೀಡಿ ತರುವ ನೆಪದಲ್ಲಿ ಬಸ್ಸು ನಿಲ್ಲುವ ಕಡೆಗೆ ಹೋಗುತ್ತೇನೆ. ನಾನು ಬೀಡಿ ಬಿಟ್ಟು ಆರು ವರ್ಷವಾಯಿತೆಂದು ವಾಜಿದ್‌ಗೆ ಗೊತ್ತು. ಅವನು ಕೇಳುವುದಿಲ್ಲ. ಕಳೆದ ಸೋಮವಾರ ಚಮ್ಕಿಯನ್ನು ಮಂಕರಿಯಲ್ಲಿಟ್ಟುಕೊಂಡು ಮಂಡ್ಯದ ಬಸ್ಸು ಹತ್ತಿ ಕುಳಿತೂ ಇದ್ದೆ. ನಿನ್ನ ಮಗಳ ಬಾಗಿಲಲ್ಲಿ ನಿಂತು ಏನು ಹೇಳುವುದೆಂದು ಯೋಚನೆ ಮಾಡಿದೆ. ಗ್ಯಾಸು ಎದ್ದಿತು, ನನಗೆ ಮಾತು ಹೊಳೆಯಲಿಲ್ಲ. ಇಳಿದು ಬಂದೆ. ಅದಕ್ಕೇ ಈ ಕಾಗದ.

ಹೇಳಬೇಕಾದ್ದು ಇದು. ಅಫ್ಸರ್, ಇದನ್ನು ಎರಡು ಸಲ ಓದು. ಅಲ್ಲೇ ಇದ್ದುಬಿಡು ಎಂದು ನಾನು ಅಂದೆನಲ್ಲ, ಅದು ಮಾತಲ್ಲ, ಕಸ. ಟ್ರಂಕು ಭಾರವಾಗಿತ್ತು, ನೀನು ಹೋಗುವುದು ಅದಕ್ಕಿಂತ ಭಾರವಾಗಿತ್ತು, ಬಾಯಿಗೆ ಬೇರೇನೂ ಬರಲಿಲ್ಲ. ಆ ಮಾತು ಹಿಡಿದುಕೊಂಡು ನೀನು ಅಲ್ಲಿ ಕುಳಿತಿದ್ದರೆ ಅದನ್ನು ಬಿಟ್ಟುಬಿಡು. ಮಗು ನಿನ್ನನ್ನು ಬಿಡುವುದಿಲ್ಲ, ಮಗಳಿಗೆ ನೀನು ಬೇಕು, ಅದಕ್ಕೆ ಅಲ್ಲಿದ್ದೀಯ ಎಂದಾದರೆ ಇರು. ಅದು ನ್ಯಾಯ. ಆದರೆ ಯಾವುದು ಎಂದು ನನಗೆ ಗೊತ್ತಾಗಬೇಕು. ಗೊತ್ತಿಲ್ಲದೆ ಇರುವುದೇ ಕಷ್ಟ.

ಗೋಡೆಯ ಬಿರುಕಿಗೆ ಪ್ರತಿ ವರ್ಷ ನಾನು ಜಾಲಿ ಮುಳ್ಳು ಅಡಕುತ್ತಿದ್ದೆನಲ್ಲ, ಈ ವರ್ಷ ಅಡಕಿಲ್ಲ. ದಂಟು ಬಿತ್ತಿದ್ದೇನೆ, ಎರಡು ಎಲೆ ಬಂದಿವೆ. ನಿನ್ನ ಹುಂಜ ಆಗಲೇ ಒಂದು ಸಾಲು ಮುಗಿಸಿದೆ. ನಾನು ನೋಡಿಕೊಂಡು ಸುಮ್ಮನಿದ್ದೆ. ಬೈಯಲು ಗೋಡೆಯ ಆಚೆ ಯಾರೂ ಇರಲಿಲ್ಲ.

ಕುಲ್ಸುಮ್‌ಗೂ ಕೂಸಿಗೂ ಯಾರ ಕಣ್ಣೂ ಬೀಳದಿರಲಿ. ಕೂಸು ನಿನ್ನಷ್ಟು ಗಟ್ಟಿ ಬಾಯಿ ಮಾಡಿಕೊಂಡು ನೂರು ವರ್ಷ ಬಾಳಲಿ. ಚಮ್ಕಿಯ ನಾಲಗೆ ಕಿತ್ತದ್ದಕ್ಕೆ ನೀನು ಏನೇನು ಬೈಯಬೇಕೋ ಅದನ್ನೆಲ್ಲ ಬಂದು ಬೈ. ಬರಲಾಗದಿದ್ದರೆ ಅಫ್ಸರ್ ಕೈಯಲ್ಲಿ ಬರೆಸು, ಒಂದು ಬೈಗುಳವನ್ನೂ ಬಿಡದೆ ಬರೆಸು.

ಇವತ್ತಿನ ಮೊಟ್ಟೆ ಕರಟದಲ್ಲಿದೆ. ಮಧ್ಯಾಹ್ನವಾಯಿತು, ನಾನು ತೆಗೆದಿಲ್ಲ. ತೆಗೆಯುವುದೂ ಇಲ್ಲ. ಕಾಗೆ ತಿಂದರೆ ನಾಳೆ ಇನ್ನೊಂದು ಇಡುತ್ತೇನೆ.

ಗೋಡೆಯ ಈಚೆ ಕಡೆಯಿಂದ,
ಮಾದಯ್ಯ