ಮುರಗೆಪ್ಪನವರ ಸಿಟ್ಟಿನ ಅಂಕ

ಚಿಕ್ಕೋಡಿ, ೧೯೯೨

ಅಮ್ಮನಿಗೆ ನಮಸ್ಕಾರ.

ಇಲ್ಲಿಯ ಕೆಂಪು ಚಟ್ನಿಗೆ ಹೊಟ್ಟೆ ಒಗ್ಗಿದೆ, ಆರೋಗ್ಯವಾಗಿದ್ದೇನೆ. ವ್ಯಕ್ತಿತ್ವ ವಿಕಸನ ಶಿಬಿರಗಳಿಂದ ಜನ ನಿಜಕ್ಕೂ ಬದಲಾಗುತ್ತಾರೆಯೇ ಎಂಬುದು ನಮ್ಮ ಪ್ರೊಫೆಸರರ ಸಂಶೋಧನೆ. ಪ್ರಶ್ನೆ ಕೇಳುವವಳು ನಾನು.

ರಾಯಬಾಗದ ರೈತ ಮುರಗೆಪ್ಪನವರು ಶಿಬಿರಕ್ಕೆ ಮೊದಲು, "ನನಗ ಸಿಟ್ಟ ಬರೂದ ಇಲ್ರಿ," ಎಂದು ತಮ್ಮ ಸಿಟ್ಟಿಗೆ ಹತ್ತರಲ್ಲಿ ಒಂದು ಅಂಕ ಹಾಕಿಕೊಂಡಿದ್ದರು. ಮುಗಿದ ಮೇಲೆ ಎಂಟು ಹಾಕಿಕೊಂಡರು! ಶಿಬಿರದಿಂದ ಸಿಟ್ಟು ಹೆಚ್ಚಿತೆಂದು ಪ್ರೊಫೆಸರು ತಲೆಯ ಮೇಲೆ ಕೈಹೊತ್ತು ಕೂತರು. ಮುರಗೆಪ್ಪನವರನ್ನು ಕರೆದೊಯ್ಯಲು ಬಂದಿದ್ದ ಅವರ ಹೆಂಡತಿ ರುಕ್ಮವ್ವನವರನ್ನು ಕೇಳಿದೆ.

"ಸಿಟ್ಟ ಮೊದಲಿನಷ್ಟ ಐತ್ರಿ. ಇವತ್ತ ಖರೇ ಹೇಳ್ಯಾರ," ಎಂದು ನಕ್ಕರು.

"ಮಂದಿ ಮುಂದ ಮಾನ ಕಳೀತಿ ಏನ್ ಬೇ!" ಎಂದು ಮುರಗೆಪ್ಪನವರು ಗುಡುಗಿದರು. ಮರುಕ್ಷಣವೇ ನನ್ನತ್ತ ತಿರುಗಿ, ತಗ್ಗಿದ ದನಿಯಲ್ಲಿ, "ಒಂಬತ್ತ ಬರ್ಕೋರಿ, ಅಕ್ಕಾರ," ಎಂದರು.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ವಿಶಾಲು