ಡಾಕ್ಟರರ ಹಸಿ ಕಾಲುಚೀಲ
ಮಾಂಟೆವಿಡಿಯೊ, ಜುಲೈ

…ಒಂದೇ ಸಲ ಕಂಡದ್ದನ್ನು ಕಂಡೆ ಅನ್ನಬೇಡ ಎನ್ನುತ್ತಿದ್ದ ಅಪ್ಪ, ಅಲ್ಲವೆ ಅಕ್ಕ? ಮಿನುಗುವ ಪ್ರೋಟೀನಿನ ಮೇಲೆ ಬೆಳಕು ಬಿದ್ದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇಲ್ಲಿ ನನ್ನ ಕೆಲಸ. ನೂರು ಸಲ ಹಾಕಿದೆ. ತೊಂಬತ್ತೇಳು ಸಲ ಹಸಿರಾಗಿ ಮಿನುಗಿತು. ಮೂರು ಸಲ ಮೈ ತಿರುಚಿಕೊಂಡು ಕತ್ತಲಾಗಿಯೇ ಉಳಿಯಿತು.

"ಆ ಮೂರನ್ನ ಅಳಿಸಿಬಿಡಮ್ಮ, ಯಂತ್ರದ ತಪ್ಪು," ಎಂದರು ಮುಖ್ಯಸ್ಥ ಡಾಕ್ಟರ್ ಎಚಾರ್ಟ್. ನಾನು ಅಳಿಸದೆ ಇನ್ನೂ ನೂರು ಸಲ ಲೆಕ್ಕ ಹಾಕಲು ಯಂತ್ರಕ್ಕೆ ಕೊಟ್ಟೆ. ಇಂದು ಬೆಳಗ್ಗೆ ಅದು ಗೊತ್ತಾಗಿ, ಯಂತ್ರ ನಿಲ್ಲಿಸಲು ಬರಿಗಾಲಲ್ಲೇ ಬಂದರು. ಮಳೆಗೆ ನೆನೆದ ಕಾಲುಚೀಲಗಳನ್ನು ನಾವೆಲ್ಲ ಒಣಹಾಕುವುದು ಆ ಯಂತ್ರದ ಹಿಂದಿನ ಬಿಸಿಗಾಳಿಗೇ.

"ನಿಲ್ಸಿ, ಬೇಡ ಅನ್ನಲ್ಲ. ಆದ್ರೆ ನಿಮ್ದು ಇನ್ನೂ ಹಸಿ ಇದೆ ಡಾಕ್ಟ್ರೇ," ಎಂದೆ.

"ಮೊಂಡಿ! ಊಟದ ಹೊತ್ತಿನ ತನಕ, ಅಷ್ಟೇ."

ಅಷ್ಟರಲ್ಲಿ ಲೆಕ್ಕ ಮುಗಿಯಿತು. ಈ ಸಲ ನಾಲ್ಕು ಕತ್ತಲು. ಎಲ್ಲವನ್ನೂ ವರದಿಯಲ್ಲಿ ಬರೆದಿದ್ದೇನೆ. ಕೆಲಸದಿಂದ ನನ್ನನ್ನು ತೆಗೆದರೂ ಅವನ್ನು ತೆಗೆಯುವುದಿಲ್ಲ.

ಕೆಮ್ಮು ಇಳಿದಿದೆ. ಉಣ್ಣೆಯ ಅಂಗಿ ಕಳಿಸು. ಅಂಚೆಯವನು ಬಂದ.

ಇರ್ಮಾ

ಅಪ್ಪನ ಗೋರಿಗೆ ಹೂ ಇಡುವಾಗ ನನ್ನ ಪರವಾಗಿ ಕೇಳು: ಏಳು ಸಲ ಕಂಡದ್ದನ್ನು ಏನೆನ್ನಬೇಕು, ಅಪ್ಪ?